ಮೇಲಿನ ಮನೆಗೆ ಹೋಗಿ ಕುಳಿತ ನನ್ನ ಫೋನು

ಅನಾಹುತ ಶುರುವಾದದ್ದು ಸರಿಯಾಗಿ ಸಂಜೆ ಆರು ಹದಿನೇಳಕ್ಕೆ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗ ನಾನು ಫೋನಿನ ಮುಖವನ್ನೇ ನೋಡುತ್ತಿದ್ದೆ. ನಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

ನಮ್ಮದು ಗವಿಪುರದ ಹಳೆಯ ಮನೆ. ಕೆಳಗೆ ನಾವಿಬ್ಬರು. ಮೇಲೆ ನನ್ನ ಗಂಡನ ಅಣ್ಣ, ಅವರ ಹೆಂಡತಿ ಶೈಲಕ್ಕ, ಜೊತೆಗೆ ಅತ್ತೆ. ಎರಡು ಮನೆಗೂ ಸೇರಿ ಒಂದೇ ವೈಫೈ. ಟಿವಿಯನ್ನೂ ಅಣ್ಣತಮ್ಮಂದಿರು ಒಟ್ಟಿಗೇ ಹೋಗಿ, ಜೋಡಿ ತೆಗೆದುಕೊಂಡರೆ ರಿಯಾಯಿತಿ ಸಿಗುತ್ತದೆಂದು ಒಂದೇ ಥರದ್ದು ಎರಡು ತಂದರು. ಆ ಜೋಡಿಯೇ ನನ್ನ ಮಾನ ತೆಗೆಯಿತು.

ನವರಾತ್ರಿಗೆ ಎರಡು ಮನೆಯಲ್ಲೂ ಗೊಂಬೆ ಕೂರಿಸುತ್ತೇವೆ. ಆರತಿಗೆ ಕರೆದ ಹೆಂಗಸರು ಮೊದಲು ಮೇಲೆ ಹೋಗಿ, ಆಮೇಲೆ ಕೆಳಗೆ ಬರುತ್ತಾರೆ. ಹಿರಿಯ ಸೊಸೆಯ ಮನೆ ನೋಡಿ. ಹೋದ ವರ್ಷ ಶೈಲಕ್ಕ ತಮ್ಮ ತವರಿನ ಹಳೆಯ ಗೊಂಬೆಗಳ ಫೋಟೋಗಳನ್ನು ಫೋನಿನಿಂದ ಟಿವಿಗೆ ಹಾಕಿ ತೋರಿಸಿದರು. ಅಷ್ಟೇ! ಕೆಳಗೆ ಬಂದವರೆಲ್ಲ ನನ್ನ ಗೊಂಬೆಗಳಿಗೆ ಬೆನ್ನು ಹಾಕಿ ಕೂತು, ನಾನು ಕೊಟ್ಟ ಕಡಲೆಕಾಳಿನ ಉಸಲಿ ತಿನ್ನುತ್ತಾ, ಮೇಲಿನ ಟಿವಿಯನ್ನೇ ಹೊಗಳಿದರು. ಅಂದು ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡ ಒಲೆ ವರ್ಷವಿಡೀ ಗ್ಯಾಸಿನ ಖರ್ಚಿಲ್ಲದೆ ಉರಿಯಿತು.

ಈ ವರ್ಷ ನಾನೂ ತೋರಿಸುವುದೆಂದು ತೀರ್ಮಾನಿಸಿದೆ. ನಾನು ಭೌತಶಾಸ್ತ್ರದ ಪದವೀಧರೆ, ಅದೂ ಫಸ್ಟ್ ಕ್ಲಾಸ್. ಗಾಳಿಯಲ್ಲಿ ಹರಿಯುವ ಅಲೆಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಎದುರುಮನೆಯ ಸರೋಜಮ್ಮ ಒಬ್ಬರು ಆಗಲೇ ಮೇಲೆ ಕೂತಿದ್ದರು. ಅವರು ಕೆಳಗಿಳಿಯುವುದರೊಳಗೆ ಟಿವಿ ಸಿದ್ಧವಾಗಬೇಕು. ಫೋನಿನಲ್ಲಿ ಸ್ಕ್ರೀನ್ ಶೇರ್ ಒತ್ತಿದೆ. ಒಂದೇ ಹೆಸರು ಎರಡು ಸಲ ಕಾಣಿಸಿತು.

"ರೀ, ನಮ್ಮ ಟಿವಿ ಎರಡೆರಡು ತೋರಿಸ್ತಿದೆ."

ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾವುದಾದ್ರೂ ಒಂದು ಒತ್ತು. ಎರಡೂ ನಮ್ಮದೇ ತಾನೆ."

ಮೊದಲನೆಯದನ್ನು ಒತ್ತಿದೆ. ಸ್ವಲ್ಪ ಯೋಚಿಸಿ, ಕನೆಕ್ಟ್ ಆಯಿತೆಂದು ಫೋನು ಹೇಳಿತು. ನಮ್ಮ ಟಿವಿ ಮಾತ್ರ ಏನೂ ಕೇಳಿಸದವರಂತೆ ಸುಮ್ಮನಿತ್ತು.

"ಟಿವಿ ಆಫ್ ಮಾಡಿ ಆನ್ ಮಾಡು," ಅಂದರು. ಮಾಡಿದೆ. ರಿಮೋಟಿನ ಸೆಲ್ ತೆಗೆದು, ಸೆರಗಿಗೆ ಉಜ್ಜಿ, ಮತ್ತೆ ಹಾಕಿದೆ. ಟಿವಿಯ ಹಿಂದಿನ ವೈರುಗಳನ್ನೆಲ್ಲ ಒಮ್ಮೆ ಒತ್ತಿದೆ. ವೈರೇ ಬೇಡದ ಕೆಲಸಕ್ಕೆ ವೈರು ಒತ್ತಿದ ಪದವೀಧರೆ ನಾನೊಬ್ಬಳೇ ಇರಬೇಕು.

"ಫೋನಲ್ಲಿ ಒಂದು ಫೋಟೋ ಓಪನ್ ಮಾಡಿ ನೋಡು, ಬಂದ್ರೂ ಬರಬಹುದು."

ಗೊಂಬೆಯ ಫೋಟೋ ಹುಡುಕುವಾಗ, ಇವರು ಸೋಫಾದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಫೋಟೋ ಸಿಕ್ಕಿತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅದೇ ಕ್ಷಣಕ್ಕೆ ಮೇಲಿನ ಮನೆಯಲ್ಲಿ ಭಾರಿ ನಗು.

ನನ್ನ ಒಲೆ ಧಗ್ಗೆಂದಿತು. ಏನು ಸಂಭ್ರಮ, ಏನು ಕಥೆ! ಅವರ ಟಿವಿ ಅಷ್ಟು ನಗಿಸುತ್ತದೆ, ನಮ್ಮದು ಕಣ್ಣೂ ಬಿಡುವುದಿಲ್ಲ. ಸಂಕಟ ತಡೆಯಲಾರದೆ ಮಲ್ಲೇಶ್ವರದ ನನ್ನ ತಂಗಿಗೆ ಬರೆಯತೊಡಗಿದೆ: "ಮೇಲೆ ದರ್ಬಾರು ನಡೀತಿದೆ ಕಣೇ. ಮಹಾರಾಣಿ ಶೈಲಾದೇವಿ ಅರ್ಧ ಗೊಂಬೆ ಪ್ಲಾಸ್ಟಿಕ್ ಇಟ್ಟಿದಾಳೆ. ಆ ಪಟ್ಟದ ರಾಣಿ ಮೂಗು ಸೊಟ್ಟ, ಥೇಟ್ ಅವಳದೇ."

ಮೇಲೆ ನಗು ನಿಂತಿತು. ಸದ್ದೇ ಇಲ್ಲ. ಸದ್ಯ, ಅವರ ಟಿವಿಯೂ ಕೆಟ್ಟಿತು ಎಂದು ನನಗೆ ಒಂದು ಗಳಿಗೆ ನೆಮ್ಮದಿಯಾಯಿತು.

ಆಮೇಲೆ ಮೆಟ್ಟಿಲ ತುದಿಯಿಂದ ಅತ್ತೆಯ ದನಿ ಕೇಳಿತು. "ವೀಣಾ, ನಿನ್ನ ಫೋನು ಮೇಲೆ ಬಂದು ಕೂತಿದೆ ನೋಡು. ನೀನೂ ಬಾ."

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಐವತ್ತೈದು ಇಂಚಿನ ತುಂಬ ನನ್ನ ಹೊಟ್ಟೆಕಿಚ್ಚು, ಒಂದೊಂದಕ್ಷರವೂ ಬದನೆಕಾಯಿಯಷ್ಟು ದಪ್ಪ. ಪಕ್ಕದಲ್ಲೇ ಪಟ್ಟದ ರಾಣಿ, ಸೊಟ್ಟ ಮೂಗಿನೊಂದಿಗೆ. ಇನ್ನೊಂದು ಪಕ್ಕದಲ್ಲಿ ಶೈಲಕ್ಕ.

"ಟಿವಿ ಏನೋ ಕೇಳ್ತು," ಅಂದರು ಅತ್ತೆ, ಮಡಿಲಲ್ಲಿ ರಿಮೋಟ್ ಇಟ್ಟುಕೊಂಡು. "ಹಬ್ಬದ ದಿನ ಬಂದೋರನ್ನ ಬೇಡ ಅನ್ನಬಾರದು ಅಂತ ಹೂಂ ಒತ್ತಿದೆ."

ನಾನು ಫೋನನ್ನೇ ಆಫ್ ಮಾಡಿದೆ. ಶೈಲಕ್ಕ ಎದ್ದು ಬಂದು ಕುಂಕುಮ ಕೊಟ್ಟರು. ಎಲೆ ಅಡಿಕೆ ಕೊಟ್ಟರು. "ಉಸಲಿಗೆ ಉಪ್ಪು ಸಾಕಾ ನೋಡು," ಅಂದರು. ಬೇರೇನೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಅಕ್ಷರಗಳು. ಮೂವತ್ತು ವರ್ಷದ ಕೂಡು ಬಾಳು ಒಂದು ಮೂಗಿನ ದೆಸೆಯಿಂದ ಮುರಿಯಿತು ಎಂದು ಹೊರಳಾಡಿದೆ.

"ಯಾರೂ ಓದಿರಲ್ಲ ಬಿಡು," ಅಂದರು ಇವರು.

"ಅಷ್ಟು ದೊಡ್ಡದನ್ನ ಓದದೆ ಇರೋಕಾಗುತ್ತೇನ್ರೀ?"

"ನನ್ನ ಗೊರಕೆ ಫೋಟೋನೂ ನೋಡಿದ್ರಂತಲ್ಲ. ನಾನು ಮಲಗ್ತಿಲ್ವಾ?"

ಅತ್ತೆ ಬೇರೆ ದಿನಾ ಕೊಬ್ಬರಿ ಮಿಠಾಯಿ ಕಳಿಸತೊಡಗಿದರು. ಮನೆ ಪಾಲು ಮಾಡುವ ಮುಂಚಿನ ಕೊನೆಯ ಮಿಠಾಯಿ ಎಂದುಕೊಂಡೇ ತಿಂದೆ.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಶಾಸ್ತ್ರಕ್ಕೆ ಮೇಲೆ ಕರೆದರು. ಹೋಗದೆ ವಿಧಿಯಿಲ್ಲ. ಅತ್ತೆ ರಾಜನನ್ನು ಮಲಗಿಸುತ್ತಾ, "ಶೈಲನ ಗೊಂಬೆ ಬಗ್ಗೆ ನಿನ್ನ ತಂಗಿಗೆ ಅಷ್ಟು ಚೆನ್ನಾಗಿ ಬರೆದೆಯಲ್ಲೇ, ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ?" ಅಂದರು.

ನನ್ನ ಬಾಯಿ ಇವರ ಫೋಟೋದಂತೆ ತೆರೆದುಕೊಂಡಿತು.

"ನನ್ನ ಕನ್ನಡಕ ಒಳಗಿತ್ತು. ಸರೋಜಮ್ಮಂಗೆ ಕಣ್ಣಿನ ಆಪರೇಷನ್ ಆಗಿದೆ. ಏನು ಬರೆದಿದಾಳೆ ಅಂತ ಕೇಳಿದ್ವಿ. ಶೈಲ ಓದಿ ಹೇಳಿದ್ಲು. ಪಟ್ಟದ ರಾಣಿ ಮುಖದಲ್ಲಿ ನಮ್ಮಕ್ಕನ ಕಳೆ ಇದೆ ಅಂದಿದೀಯಂತೆ."

ಅತ್ತೆ ದೀಪಕ್ಕೆ ಎಣ್ಣೆ ತರಲು ಒಳಗೆ ಹೋದರು. ನಾನು ಮೆಲ್ಲಗೆ, "ಅಕ್ಕಾ, ತಪ್ಪಾಯ್ತು, ನೀವು..." ಎಂದೆ.

"ಮೂಗು ಸೊಟ್ಟ ಇರೋದು ನಿಜ ಕಣೇ," ಅಂದರು ಶೈಲಕ್ಕ, ರಾಣಿಯ ಮುಖ ಒರೆಸುತ್ತಾ. "ಪ್ಲಾಸ್ಟಿಕ್ ಮಾತ್ರ ಅರ್ಧ ಅಲ್ಲ, ಮೂರೇ. ನಾನೂ ನಿನ್ನ ಗೊಂಬೆ ನೋಡಿ ನಮ್ಮಕ್ಕಂಗೆ ಏನೇನೋ ಬರೀತೀನಿ. ಆದ್ರೆ ಮೊದಲು ಟಿವಿ ಆಫ್ ಮಾಡ್ತೀನಿ."

ಇಬ್ಬರೂ ಸೇರಿ ರಾಣಿಯನ್ನು ರಾಜನ ಪಕ್ಕ ಮಲಗಿಸಿದೆವು.

ನನ್ನ ಗೊಂಬೆಗಳನ್ನು ನೋಡಿಯೂ ಯಾರಿಗೋ ಹೊಟ್ಟೆ ಉರಿಯುತ್ತದೆ ಎಂಬ ಸಂತೋಷದಲ್ಲಿ ಕೆಳಗಿಳಿದು ಬಂದೆ. ಶೈಲಕ್ಕ ನಿಂತ ಕಾಲಲ್ಲೇ ಹೆಣೆದ ಆ ಸುಳ್ಳು, ನಾನು ಕೂತು ಬರೆದ ನಿಜಕ್ಕಿಂತ ಚೆನ್ನಾಗಿತ್ತು ಎಂಬುದೊಂದು ಮಾತ್ರ ಸ್ವಲ್ಪ ಚುಚ್ಚಿತು. ಆದರೂ ಗೊಂಬೆಗಳು ಮಲಗಿದ ಆ ರಾತ್ರಿ ನಾನೂ ಬೆಳಗಿನವರೆಗೆ ಮಲಗಿದೆ. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ. ಇವರು ಫೋಟೋ ತೆಗೆದಿಟ್ಟಿದ್ದಾರೆ.