ಹೇಳಿದಷ್ಟೇ ಎಳೆದವನು

ಡಾಕ್ಟರು ಹೇಳಿದಷ್ಟೇ ಔಷಧ ತೆಗೆದುಕೊಳ್ಳುವ ಕೆಟ್ಟ ಚಟ ಮುಧೋಳದ ಅಮಸಿದ್ದಪ್ಪನಿಗಿತ್ತು. ಉಬ್ಬಸಕ್ಕೆ ಕೊಟ್ಟ ಸ್ಟೆರಾಯ್ಡ್ ಪಂಪನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಳೆದು, ತಪ್ಪದೆ ಬಾಯಿ ಮುಕ್ಕಳಿಸುತ್ತಿದ್ದ. ಆದರೂ ಎದೆ ಸುಂಯ್‌ಗುಡುವುದು ನಿಂತಿರಲಿಲ್ಲ. ಅಂದು ಸಂಜೆಯೇ ಬೀರೇಶ್ವರನ ಗುಡಿಯಲ್ಲಿ ಬೀಳಗಿ ಮೇಳದವರ ಎದುರು ಡೊಳ್ಳಿನ ಪದದ ಪಂದ್ಯ. ವರ್ಷಗಟ್ಟಲೆ ಹಿಮ್ಮೇಳದಲ್ಲಿ ದನಿಗೂಡಿಸಿದವನಿಗೆ ಮೊದಲ ಸಲ ಮುಂದೆ ನಿಂತು ಹಾಡುವ ಮಾನ ಸಿಕ್ಕಿತ್ತು. ಪಾಪ, ಒಂದು ನುಡಿ ಮುಗಿಸುವಷ್ಟು ಉಸಿರಿರಲಿಲ್ಲ.

ಪಕ್ಕದ ಮನೆಯವನೂ ಅದೇ ಮೇಳದ ಹಾಡುಗಾರನೂ ಆದ ಮಾಳಿಂಗರಾಯ ಕೇಳದೆಯೇ ಸಲಹೆ ಕೊಟ್ಟ. "ಲೇ ಅಮಸಿದ್ದ, ಕಬ್ಬಿಗೆ ಎರಡ ಚೀಲ ಯೂರಿಯಾ ಹಾಕ್ರಿ ಅಂತ ಕೃಷಿ ಸಾಹೇಬ ಹೇಳ್ತಾನ. ನಾವ ಎಷ್ಟ ಹಾಕ್ತೇವಿ?"

"ನಾಕು."

"ಮತ್ತ? ನಿನ್ನ ಎದಿ ಹೊಲಕ್ಕಿಂತ ಕಡಿಮಿ ಏನ? ನಂದೂ ಅದ ಡಾಕ್ಟರ, ಅದ ಪಂಪ. ಒಂದ ಅಂದಲ್ಲೆ ಎರಡ ಎಳೀತೇನಿ. ಹೆಂಗ ಅದೇನಿ ನೋಡ!"

ಹೆಂಡತಿ ಹೊಳೆವ್ವನೂ ದನಿಗೂಡಿಸಿದಳು. "ಊರೆಲ್ಲಾ ಎರಡ ಎಳ್ಯಾಕತ್ತೈತಿ. ನಿಮಗಷ್ಟ ಏನರಿ ನೇಮಾ?"

"ಒಂದ ಅಂದ್ರ ಒಂದ," ಎಂದು ಏದುಸಿರು ಬಿಡುತ್ತ ಅಮಸಿದ್ದಪ್ಪ ದವಾಖಾನೆಗೆ ನಡೆದ. ಕರೆಯದಿದ್ದರೂ ಮಾಳಿಂಗರಾಯ ಬೆನ್ನು ಹತ್ತಿದ.

ಎದೆ ಪರೀಕ್ಷಿಸಿದ ಡಾಕ್ಟರು ಕೇಳಿದರು. "ಎಷ್ಟ ಎಳೀತೀರಿ?"

"ನೀವ ಹೇಳಿದಷ್ಟರಿ. ಹೊತ್ತಿಗೊಂದ."

ಡಾಕ್ಟರು ನಕ್ಕರು. "ಎಲ್ಲಾರೂ ಹಿಂಗ ಹೇಳ್ತೀರಿ. ಒಂದ ಬರದ್ರ ಎರಡ ಎಳಿಯೂ ಮಂದಿ ನೀವು. ಅದಕ್ಕ, ಎರಡ ಬೇಕಾದವ್ರಿಗೆ ನಾ ಒಂದ ಬರೀತೇನಿ."

ಅಮಸಿದ್ದಪ್ಪನಿಗೆ ಇದ್ದಬದ್ದ ಉಸಿರೂ ನಿಂತಂತಾಯಿತು. "ಸಾಹೇಬ್ರ, ಬೀರಪ್ಪನ ಆಣಿ, ನಾ ಖರೇನ ಒಂದ..."

"ಎರಡ ಎಳೀತಾನ್ರಿ!" ಮಾಳಿಂಗರಾಯ ಗೆಳೆಯನ ಮರ್ಯಾದೆ ಉಳಿಸಲು ಮುಂದೆ ಬಂದ. "ಅಷ್ಟ ದಡ್ಡ ಅಲ್ರಿ ಇವ."

"ನನಗ ಗೊತ್ತಿಲ್ಲೇನು? ಎರಡ ಎಳದೂ ಹಿಂಗಂದ್ರ ಇನ್ನ ಏರಿಸೂದರಾಗ ಅರ್ಥಿಲ್ಲ. ಗುಣಾ ಹೆಚ್ಚಾಗೂದಿಲ್ಲ, ದನಿ ಅಷ್ಟ ಬೀಳ್ತೈತಿ." ಡಾಕ್ಟರು ಮತ್ತೆ ಹೊತ್ತಿಗೊಂದೇ ಬರೆದರು. "ಇವತ್ತ ಹಾಡಬ್ಯಾಡ್ರಿ."

ಸಂಜೆ ಮೇಳದವರು ಮಾಳಿಂಗರಾಯನನ್ನೇ ಮುಂದೆ ನಿಲ್ಲಿಸಿದರು. ಸಾಕು ಈ ಸತ್ಯವಂತಿಕೆ, ಇಂದಿನಿಂದ ನಾನೂ ಎರಡು ಎಂದುಕೊಂಡು ಅಮಸಿದ್ದಪ್ಪ ಹಿಮ್ಮೇಳದಲ್ಲಿ ಕೂತಲ್ಲೇ ಪಂಪು ತೆಗೆದು ಬಾಯಿಗಿಡಲು ಹೋದ.

ಮಾಳಿಂಗರಾಯ ಬಗ್ಗಿ ಅದನ್ನು ಕಸಿದುಕೊಂಡ. "ಕೊಡಲೇ ಇಲ್ಲೆ. ಎರಡೆರಡ ಎಳದ ನಂದ ತೀರೈತಿ. ನೀ ಹೆಂಗೂ ಹೇಳಿದಷ್ಟ ತಗೊಳ್ಳಾಂವ, ನಿಂದ್ರಾಗ ಬೇಕಾದಷ್ಟ ಉಳದಿರತೈತಿ."