ಬಚ್ಚಲಿಗೆ ಬಾಗಿಲು ದಯಪಾಲಿಸಿದ ವಾದ್ಯದಂಗಡಿಯವರಿಗೆ

ಮಾನ್ಯರೇ,

ರಾಜಾಜಿನಗರದ ಹೊಸ ಬಡಾವಣೆಯಲ್ಲಿ, ಕಂಬ ಬಂದು ದೀಪ ಬಾರದಿರುವ ಅಡ್ಡರಸ್ತೆಯ ಕಡೆಯ ಮನೆಯಲ್ಲಿ ವಾಸವಾಗಿರುವ ಮಿಲ್ ನೌಕರ ಅಂಜಿನಯ್ಯನೆಂಬ ನಾನು, ಪೇಟೆಯ ವಾದ್ಯದಂಗಡಿ ಯಜಮಾನರಾದ ತಮಗೆ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ: ಖಾಸಗಿಯಾಗಿ ದೂರು ಕೊಟ್ಟರೆ ತಾವು ಕಾಫಿ ಕುಡಿಸಿ ಇನ್ನೇನಾದರೂ ಮಾರಿಬಿಡುವಿರೆಂಬ ಭಯದಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ, ಗೋಣಿಚೀಲ ಇಳಿಬಿಟ್ಟಿತ್ತು. ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಬೆಳಕು ಹರಿಯುವ ಮೊದಲೇ ಎದ್ದು, ಗಾಳಿಗೆ ಹಾರುವ ಆ ಚೀಲವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದಳು. ಕಾಫಿಪುಡಿಯಲ್ಲಿ, ಸೀಮೆಎಣ್ಣೆಯಲ್ಲಿ ಉಳಿಸಿ ಉಳಿಸಿ ಬಾಗಿಲಿಗೆಂದು ಕೂಡಿಟ್ಟಿದ್ದ ದುಡ್ಡನ್ನು ನನ್ನ ಕೈಗಿತ್ತು, ಹಲಗೆ ತರಲು ಕಳಿಸಿದಳು. ಹಲಗೆ ಮಾರುವ ಅಂಗಡಿಗೆ ಹೋಗುವ ದಾರಿಯಲ್ಲೇ ತಮ್ಮ ಅಂಗಡಿಯನ್ನಿಟ್ಟ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಸುಮ್ಮನೆ ನೋಡಿ ಹೋಗೋಣವೆಂದು ಒಳಗೆ ಬಂದವನು, ಮಿಲ್ಲಿನವರು ಆಡುವ ನಾಟಕಕ್ಕೆ ನಾನೇ ವಾದ್ಯ ನುಡಿಸುವವನೆಂದು ಬಾಯಿತಪ್ಪಿ ಹೇಳಿದೆ. ತಾವು ಕೂಡಲೇ ಕುರ್ಚಿಯ ಧೂಳೊರೆಸಿ, ನನ್ನನ್ನು 'ಮೇಷ್ಟ್ರೇ' ಎಂದು ಕರೆದಿರಿ. ಹುಟ್ಟಿದಾರಭ್ಯ ಯಾರೂ ನನ್ನನ್ನು ಹಾಗೆ ಕರೆದವರಲ್ಲ. ಬಾಗಿಲಿಗೆಂದು ಹೋದವನು ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ ಒಂದನ್ನು ಗಾಡಿಯ ಮೇಲೆ ಹೇರಿಕೊಂಡು ಬಂದೆ.

ವೆಂಕಟಲಕ್ಷ್ಮಮ್ಮ ಕೂಗಾಡಲಿಲ್ಲ. ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದನ್ನ ಅಡ್ಡ ಇಟ್ಕೊಂಡು ಸ್ನಾನ ಮಾಡ್ಲಾ ನಾನು?" ಎಂದಳು, ಅಷ್ಟೆ. ಮಾರನೆಯ ದಿನ ಅದೇ ಗಾಡಿಯಲ್ಲಿ ಹಾರ್ಮೋನಿಯಮ್ಮನ್ನು ಹೇರಿಸಿ, ತಾನೂ ಅದರ ಪಕ್ಕದಲ್ಲೇ ಕೂತು ತಮ್ಮಲ್ಲಿಗೆ ಬಂದದ್ದು ತಮಗೆ ನೆನಪಿರಬಹುದು. ಮಾರಿದ ಮಾಲು ವಾಪಸಿಲ್ಲವೆಂದು ತಾವು ವಿನಯದಿಂದ ಹೇಳಿದಿರಂತೆ. ಆಗ ಅವಳು, "ಹಾಗಾದ್ರೆ ಇದು ಬಂದಿದ್ದ ಮರದ ಪೆಟ್ಟಿಗೆ ಎಲ್ಲಿ? ಅದೂ ನಮ್ದೇ ಅಲ್ವಾ ಸ್ವಾಮಿ?" ಎಂದು ಕೇಳಿದಳಂತೆ. ಮಾನ್ಯರೇ, ಆ ಕ್ಷಣದಲ್ಲಿ ತಾವು ಹಿತ್ತಿಲಿನ ಕಡೆ ಕೈ ತೋರಿಸಿದ್ದೇ ನನ್ನ ದೂರಿನ ಮೂಲ.

ಹಾರ್ಮೋನಿಯಮ್ಮಿನ ಜೊತೆಗೇ ಗಾಡಿ ಹತ್ತಿ ಮನೆಗೆ ಬಂದ ಆ ಪೆಟ್ಟಿಗೆಯ ಹಲಗೆಗಳೇ ಈಗ ನಮ್ಮ ಬಚ್ಚಲಿನ ಬಾಗಿಲು. ಅದರ ಮೇಲೆ 'ನಾಜೂಕಾದ ಸಾಮಾನು, ಮೆಲ್ಲಗೆ ಇಳಿಸಿ' ಎಂದು ತಲೆಕೆಳಗಾಗಿ ಬರೆದಿದೆ. ಬೀದಿಯವರೆಲ್ಲ ಬಂದು ಓದಿಕೊಂಡು ಹೋದರು. ಒಳಗೆ ಅಗಳಿ ಹಾಕಿಕೊಂಡ ವೆಂಕಟಲಕ್ಷ್ಮಮ್ಮ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಬಿಸಿಲೇರಿದ ಮೇಲೆ ಆತುರವಿಲ್ಲದೆ ಮಿಂದಳು. ಮೀಯುತ್ತ ಹಾಡಿದಳು. ಇಂಥ ಕಂಠ ನಮ್ಮ ಮನೆಯಲ್ಲೇ ಇತ್ತೆಂಬುದು ನನಗೆ ಗೊತ್ತಿರಲಿಲ್ಲ, ಒಲೆಯ ಮುಂದೆ ಸುಮ್ಮನೆ ಕೂತು ಕೇಳಿದೆ. ನಾನು ನುಡಿಸುವಾಗ ಕಿಟಕಿ ಮುಚ್ಚುತ್ತಿದ್ದ ಪಕ್ಕದ ಮನೆಯ ಪಟಾಲಮ್ಮನವರು ಈಗ ಕಿಟಕಿ ತೆರೆದು, "ಅಮ್ಮಯ್ಯ, ಇನ್ನೊಂದ್ ಚೊಂಬು ಹುಯ್ಕೊಳ್ಳೇ" ಎಂದು ಕೂಗುತ್ತಾರೆ. ನಾಟಕಕ್ಕೆಂದು ಹಾರ್ಮೋನಿಯಂ ಕೊಂಡ 'ಮೇಷ್ಟ್ರು' ಬಚ್ಚಲಿನ ಹೊರಗೆ ಕೂತು ಶ್ರುತಿ ಹಿಡಿಯುತ್ತಿದ್ದಾನೆ, ಒಳಗಿನಿಂದ "ಶ್ರುತಿ ಇಳೀತು ಕಣ್ರೀ" ಎಂದು ಬೈಸಿಕೊಳ್ಳುತ್ತಿದ್ದಾನೆ.

ಆದ್ದರಿಂದ ತಾವು ದಯಮಾಡಿ ಹಾರ್ಮೋನಿಯಮ್ಮನ್ನು ಹಿಂದಕ್ಕೆ ಪಡೆಯಬೇಕು, ಬಾಗಿಲನ್ನು ಪಡೆಯಕೂಡದು, ಮತ್ತು ನನ್ನನ್ನು ಇನ್ನೊಮ್ಮೆ 'ಮೇಷ್ಟ್ರೇ' ಎಂದು ಕರೆಯಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸವನ್ನಾಗಲಿ ತಮ್ಮ ಮಾಲನ್ನಾಗಲಿ ಹಿಂದಿರುಗಿಸಲಾರದ,
ಅಂಜಿನಯ್ಯ

ಮರೆತ ಮಾತು: ಪಿಯಾನೋ ಬರುವ ಪೆಟ್ಟಿಗೆಯ ಉದ್ದಗಲವನ್ನು ಮರುಟಪಾಲಿಗೆ ತಿಳಿಸಬೇಕಂತೆ, ನಮ್ಮವಳು ಅಡುಗೆಮನೆಗೆ ಅಟ್ಟ ಹಾಕಿಸಬೇಕೆಂದಿದ್ದಾಳೆ. ಪಿಯಾನೋವನ್ನು ತಾವೇ ಇಟ್ಟುಕೊಳ್ಳಬಹುದು.