ನೆರಳು ಬಂತು ಸಾರ್!

ನಮ್ಮ ಸೋದರಮಾವನಿಗೆ ಜಗತ್ತಿನ ಲೆಕ್ಕವೆಲ್ಲ ಬರುತ್ತದೆ, ಗಂಟೆ ಎಷ್ಟೆಂಬುದೊಂದನ್ನು ಬಿಟ್ಟು! ಡಿಪ್ಲೊಮಾ ಹುಡುಗರಿಗೆ ಇಂಜಿನಿಯರಿಂಗ್ ಕಲಿಸಿ ನಿವೃತ್ತರಾದ ಈ ಮೇಷ್ಟ್ರು ಜನ್ಮದಲ್ಲಿ ಗಡಿಯಾರ ಕಟ್ಟಿದವರಲ್ಲ. ಮಧುಗಿರಿಯ ಅವರ ಮನೆ ಜಗಲಿಯಲ್ಲಿ ದಿನಾ ಸಂಜೆ ಪಾಠ. ಬೆಟ್ಟದ ನೆರಳು ಮೆಲ್ಲಗೆ ಬೀದಿ ದಾಟಿ ಜಗಲಿ ಮುಟ್ಟಿದರೆ ಪಾಠ ಮುಗಿಯಿತು. "ನೆರಳು ಬಂತು ಸಾರ್!" ಎಂದು ಅರ್ಧ ಗಂಟೆ ಮೊದಲೇ ಕೂಗುವುದು ನಮ್ಮ ಕಸುಬು. "ತಪ್ಪುತ್ತರ, ಸೊನ್ನೆ," ಎನ್ನುವುದು ಅವರ ಕಸುಬು. ತಪ್ಪುತ್ತರಕ್ಕೆ ಅರ್ಧ ಅಂಕವನ್ನೂ ಕೊಟ್ಟ ಆಸಾಮಿಯಲ್ಲ, ಸ್ವಂತ ಅಕ್ಕನ ಮಗಳಾದ ನನಗೂ!

ಮೂರನೇ ಕ್ಲಾಸಿನ ಪುಟ್ಟಿ, ಡಿಪ್ಲೊಮಾ ಹುಡುಗರು, ದೊಡ್ಡೇರಿ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿದ ಕುರಿ ಕಾಯುವ ಅಜ್ಜ, ಎಲ್ಲರಿಗೂ ಒಂದೇ ಚಾಪೆ, ಒಂದೇ ಪ್ರಶ್ನೆ: ಬೆಟ್ಟ ಎಷ್ಟೆತ್ತರ? ಪುಟ್ಟಿ ಕೋಲು ನೆಟ್ಟು ನೆರಳು ಅಳೆದಳು. ಹುಡುಗರು ಕೋನ ಹಿಡಿದು ಕ್ಯಾಲ್ಕುಲೇಟರ್ ಒತ್ತಿದರು. ಅಜ್ಜ ತಲೆ ಕೆರೆದುಕೊಂಡು, "ಹತ್ತಿ ಇಳಿಯಾಕೆ ಎರಡು ಮುದ್ದೆ ಬೇಕಾಯ್ತದೆ ಕಣ್ ಸಾಮಿ," ಎಂದ. ಮಾವ ಕಣ್ಣು ಮುಚ್ಚಿ ಲೆಕ್ಕದಲ್ಲಿ ತೇಲಿಹೋಗಿ, ಮರಳಿ ಬಂದು ಕೇಳಿದರು: "ಸರಿಯುತ್ತರ. ಮುದ್ದೆ ಗಾತ್ರ ಎಷ್ಟು?"

ಒಮ್ಮೆ ಸೋಲಾರ್ ಹಲಗೆಗಳ ಓರೆ ತೋರಿಸಲು ಹುಡುಗರನ್ನು ಪಾವಗಡದ ರಾಯಚರ್ಲಿಗೆ ಕರೆದೊಯ್ದರು. ಹಲಗೆಗಳೆಲ್ಲ ಒಂದೇ ಕಡೆ ಮುಖ ಮಾಡಿ ಆಕಾಶ ನೋಡುತ್ತಿದ್ದವು. ಮಾವನೂ ನೋಡುತ್ತ ನಿಂತರು. ಹುಡುಗರು ಬಸ್ಸು ಹತ್ತಿ ಮನೆ ಸೇರಿದರು, ಮೇಷ್ಟ್ರು ಅಲ್ಲೇ! ಅತ್ತೆ ಗಾಬರಿಯಿಂದ ಫೋನು ಮಾಡಿದರು.

"ಎಲ್ಲಿದ್ದೀರಾ?"

"ಹದಿನೈದು ಡಿಗ್ರಿ ಓರೆಯಲ್ಲಿ ಕಣೇ!"

ಇಂಥ ಮಾವನ ಕಣ್ಣು ಈ ವರ್ಷ ಪೂರ್ತಿ ಹೋಯಿತು. ಇನ್ನು ಬರದು ಎಂದರು ಡಾಕ್ಟರು. ಕಾಣದವನು ಏನು ಕಲಿಸಲಿ ಎಂದು ಮಾವ ಒಂದೇ ಹಟ. "ಇವತ್ತು ನೆರಳು ಬರೋವರೆಗೆ ಪಾಠ. ನಾಳೆಯಿಂದ ಯಾರೂ ಬರಬೇಡಿ," ಎಂದುಬಿಟ್ಟರು. ಅಂದು ನಾನೂ ಚಾಪೆಯ ಮೇಲಿದ್ದೆ. ನನಗೆ ಅಳು ಬಂತು.

ನೆರಳು ಬೀದಿ ದಾಟಿತು. ಜಗಲಿ ಹತ್ತಿತು. ಮಾವನ ಮಂಡಿಯ ಮೇಲೂ ಬಂದು ಕೂತಿತು.

"ಬಂತೇನ್ರೋ?"

"ಇನ್ನೂ ಇಲ್ಲ ಸಾರ್," ಎಂದಳು ಪುಟ್ಟಿ. ಹುಡುಗರೂ ಇಲ್ಲವೆಂದರು. "ಎಲ್ಲಿ ಬಂದೈತೆ ಸಾಮಿ, ಇನ್ನೂ ಬೀದಿ ಆಚೆಗೈತೆ ಬುಡಿ," ಎಂದ ಅಜ್ಜ.

ಮಾವ ಜಗಲಿಯ ಕಲ್ಲನ್ನು ಅಂಗೈಯಿಂದ ಸವರಿದರು. ಬಿಸಿಲು ಸರಿದ ಕಲ್ಲು ಆಗಲೇ ತಣ್ಣಗಾಗುತ್ತಿತ್ತು.

"ತಪ್ಪುತ್ತರ," ಎಂದರು. "ಎಲ್ಲರಿಗೂ ಪೂರ್ತಿ ಅಂಕ. ಮುಂದಿನ ಲೆಕ್ಕ ಬರ್ಕೊಳ್ರೋ."